ಉಳಿಸಿದ ಜೀವಗಳ ಲೆಕ್ಕ

1992ರ ಆರಂಭದಲ್ಲಿ ಬೆಲ್‌ಫಾಸ್ಟ್‌ನ ನ್ಯಾಯಾಲಯದಲ್ಲಿ ಬ್ರಿಟಿಷ್ ಸೇನೆಯ ಹಿರಿಯ ಅಧಿಕಾರಿಯೊಬ್ಬರು ಕೊಲೆ ಸಂಚಿನ ಅಪರಾಧಿಯೊಬ್ಬನ ಪರವಾಗಿ ಸಾಕ್ಷಿ ನುಡಿದರು. ಅವರ ಹೆಸರನ್ನು ಅಂದು ಬಹಿರಂಗಪಡಿಸಲಿಲ್ಲ. ದಾಖಲೆಗಳಲ್ಲಿ ಅವರು ‘ಕರ್ನಲ್ ಜೆ’. ಕಟಕಟೆಯಲ್ಲಿದ್ದವನು ಬ್ರಯನ್ ನೆಲ್ಸನ್. ಉತ್ತರ ಐರ್ಲೆಂಡಿನಲ್ಲಿ ಬ್ರಿಟನ್ನಿನ ಪರ ಬಂದೂಕು ಹಿಡಿದಿದ್ದ ಅಲ್‌ಸ್ಟರ್ ಡಿಫೆನ್ಸ್ ಅಸೋಸಿಯೇಷನ್ ಎಂಬ ಸಂಘಟನೆಯಲ್ಲಿ, ಅಂದರೆ ಯುಡಿಎಯಲ್ಲಿ, ಯಾರನ್ನು ಕೊಲ್ಲಬೇಕು ಎಂಬ ಮಾಹಿತಿ ಕಲೆಹಾಕುವುದು ಅವನ ಕೆಲಸ. ಅದೇ ಹೊತ್ತಿಗೆ ಅವನು ಸೇನೆಯ ಗುಪ್ತಚರ ಘಟಕದ ಸಂಬಳ ಪಡೆಯುತ್ತಿದ್ದ ಬಾತ್ಮೀದಾರನೂ ಹೌದು. ನೆಲ್ಸನ್ ಕೊಟ್ಟ ನೂರಾರು ವರದಿಗಳು 217 ಜನರ ಜೀವಕ್ಕಿದ್ದ ಅಪಾಯವನ್ನು ಕುರಿತವು, ಅವನಿಂದ ಎಷ್ಟೋ ಪ್ರಾಣ ಉಳಿದಿದೆ ಎಂಬುದು ಕರ್ನಲ್ ವಾದದ ಸಾರ. ಕೊಲೆ ಸಂಚಿನ ಐದು ಆರೋಪಗಳೂ ಸೇರಿ 20 ಆರೋಪಗಳನ್ನು ಒಪ್ಪಿಕೊಂಡಿದ್ದ ನೆಲ್ಸನ್‌ಗೆ 10 ವರ್ಷದ ಶಿಕ್ಷೆಯಾಯಿತು. ಮುಂದೆ ಇಂಗ್ಲೆಂಡಿನ ಪೊಲೀಸ್ ಅಧಿಕಾರಿ ಜಾನ್ ಸ್ಟೀವನ್ಸ್ ಅವರ ತನಿಖಾ ತಂಡ ಆ ಕಡತಗಳನ್ನು ಒಂದೊಂದಾಗಿ ತೆರೆದು ತಾಳೆ ನೋಡಿತು. ನೆಲ್ಸನ್ ಮಾಹಿತಿಯಿಂದ ಉಳಿದವೆಂದು ಅವರಿಗೆ ಕಂಡ ಜೀವಗಳು ಎರಡು.

217ಕ್ಕೂ 2ಕ್ಕೂ ನಡುವಿನ ಈ ಅಂತರವನ್ನು ಒಬ್ಬ ಅಧಿಕಾರಿಯ ಉತ್ಪ್ರೇಕ್ಷೆ ಎಂದು ಬದಿಗೆ ಸರಿಸಿಬಿಡುವುದು ಸುಲಭ. ಆದರೆ ಕಳೆದ ಮೂರೂವರೆ ದಶಕಗಳಲ್ಲಿ ಉತ್ತರ ಐರ್ಲೆಂಡಿನ ಗುಪ್ತ ಯುದ್ಧದ ಬಗ್ಗೆ ಹೊರಬಿದ್ದ ತನಿಖಾ ವರದಿಗಳನ್ನು ಒಟ್ಟಿಗಿಟ್ಟು ಓದಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಸಂಘರ್ಷದ ನಾಡಿನಲ್ಲಿ ಸೇನೆಯೊಂದು ಶತ್ರುಪಾಳೆಯದೊಳಗೆ ಬಾತ್ಮೀದಾರರನ್ನು ಇಟ್ಟುಕೊಂಡಾಗ, ಅದಕ್ಕೆ ಸಿಗುವ ಏಕೈಕ ನೈತಿಕ ಸಮರ್ಥನೆ ‘ಇದರಿಂದ ಜೀವ ಉಳಿಯುತ್ತದೆ’ ಎಂಬುದು. ಆ ಸಮರ್ಥನೆಯ ಲೆಕ್ಕವನ್ನು ಬರೆಯುವವರು ಬಾತ್ಮೀದಾರನನ್ನು ಸಾಕಿದವರೇ. ಅಂಗಡಿಯವನೇ ಲೆಕ್ಕ ಬರೆದು, ಅವನೇ ತಪಾಸಣೆ ಮಾಡಿ, ಪುಸ್ತಕವನ್ನು ಬೀಗ ಹಾಕಿ ಇಟ್ಟ ಹಾಗೆ. ಬೀಗ ಒಡೆದು ಹೊರಗಿನವರು ಓದಿದಾಗಲೆಲ್ಲ ಲೆಕ್ಕ ತಪ್ಪಿದೆ, ಮತ್ತು ಪ್ರತಿ ಸಲವೂ ತಪ್ಪಿರುವುದು ಒಂದೇ ದಿಕ್ಕಿನಲ್ಲಿ. ಇದಕ್ಕೆ ಕಾರಣ ಕೆಲವು ಕೆಟ್ಟ ಮನುಷ್ಯರಲ್ಲ ಎಂಬುದು ನನ್ನ ವಾದ. ಕಾನೂನಿನ ಗೆರೆ ಇಲ್ಲದ ಕಡೆ ಈ ಕೆಲಸದ ಒಳಗಿನ ತರ್ಕವೇ ಮನುಷ್ಯರನ್ನು ಅಲ್ಲಿಗೆ ಒಯ್ಯುತ್ತದೆ.

ಹಿನ್ನೆಲೆ ಚಿಕ್ಕದಾಗಿ ಹೇಳಬೇಕು. 1960ರ ದಶಕದ ಕೊನೆಯಿಂದ 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದವರೆಗೆ ಸುಮಾರು 15 ಲಕ್ಷ ಜನಸಂಖ್ಯೆಯ ಆ ಪುಟ್ಟ ಪ್ರಾಂತ್ಯದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಐರ್ಲೆಂಡ್ ಒಂದಾಗಬೇಕೆಂದು ಹೋರಾಡಿದ ಐಆರ್‌ಎ ಅತಿ ಹೆಚ್ಚು ಜನರನ್ನು ಕೊಂದಿತು. ಬ್ರಿಟನ್ನಿಗೆ ನಿಷ್ಠವಾದ ಯುಡಿಎ, ಯುವಿಎಫ್‌ನಂಥ ಗುಂಪುಗಳು ಬಹುಪಾಲು ಸಾಮಾನ್ಯ ಕ್ಯಾಥೊಲಿಕರನ್ನು ಕೊಂದವು. 1969ರಲ್ಲಿ ಬೀದಿಗಿಳಿದ ಸೇನೆ 2007ರವರೆಗೂ ಅಲ್ಲಿತ್ತು. ಗುಪ್ತಚರ ಕೆಲಸ ಮೂವರ ಕೈಯಲ್ಲಿ ಹಂಚಿಹೋಗಿತ್ತು: ಸ್ಥಳೀಯ ಪೊಲೀಸರ ಸ್ಪೆಷಲ್ ಬ್ರಾಂಚ್, ಲಂಡನ್ನಿನ ಎಂಐ5, ಮತ್ತು ಸೇನೆ. ಮೂವರಿಗೂ ತಮ್ಮತಮ್ಮ ಬಾತ್ಮೀದಾರರಿದ್ದರು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿಯದಂತೆ ನೋಡಿಕೊಳ್ಳುವುದೂ ಆ ಕೆಲಸದ ಭಾಗವೇ ಆಗಿತ್ತು.

ಸೇನೆಯ ಈ ವಿದ್ಯೆಗೆ ವಸಾಹತುಗಳ ಮೂಲವಿದೆ. 1950ರ ದಶಕದಲ್ಲಿ ಕೆನ್ಯಾದ ಮಾವ್ ಮಾವ್ ಬಂಡಾಯದ ವಿರುದ್ಧ, ಸೆರೆಸಿಕ್ಕ ಬಂಡುಕೋರರನ್ನೇ ಪಕ್ಷಾಂತರ ಮಾಡಿಸಿ ಹುಸಿ ಗುಂಪುಗಳನ್ನು ಕಟ್ಟಿದ ಫ್ರಾಂಕ್ ಕಿಟ್ಸನ್ ಆ ಅನುಭವದ ಮೇಲೆ ಪುಸ್ತಕ ಬರೆದವರು. 1970ರಿಂದ 1972ರವರೆಗೆ ಬೆಲ್‌ಫಾಸ್ಟ್‌ನ ಸೇನಾ ಬ್ರಿಗೇಡ್ ಅವರ ಕೈಯಲ್ಲಿತ್ತು. ಆ ದಿನಗಳಲ್ಲಿ ಹುಟ್ಟಿದ ಮಿಲಿಟರಿ ರಿಯಾಕ್ಷನ್ ಫೋರ್ಸ್ ಎಂಬ ಘಟಕ ಐಆರ್‌ಎಯಿಂದ ತನ್ನ ಕಡೆ ತಿರುಗಿಸಿಕೊಂಡ ಹುಡುಗರನ್ನು ‘ಫ್ರೆಡ್’ಗಳೆಂದು ಕರೆಯುತ್ತಿತ್ತು. ಮನೆಮನೆಯ ಬಟ್ಟೆ ಒಯ್ದು ಒಗೆದುಕೊಡುವ ಲಾಂಡ್ರಿಯೊಂದನ್ನು ನಡೆಸಿ, ಬಟ್ಟೆಯ ಮೇಲೆ ಸಿಡಿಮದ್ದಿನ ಅಂಶ ಇದೆಯೇ ಎಂದು ಪರೀಕ್ಷಿಸುತ್ತಿತ್ತು. 1972ರ ಅಕ್ಟೋಬರ್‌ನಲ್ಲಿ ಐಆರ್‌ಎ ಆ ಲಾಂಡ್ರಿಯ ವ್ಯಾನಿನ ಮೇಲೆ ಗುಂಡು ಹಾರಿಸಿ ಚಾಲಕನಾಗಿದ್ದ ಸೈನಿಕನನ್ನು ಕೊಂದಿತು. ಗುಟ್ಟು ಬಯಲಾದದ್ದು ಇಬ್ಬರು ‘ಫ್ರೆಡ್’ಗಳ ಮೂಲಕ. ಆ ಇಬ್ಬರು ತರುಣರನ್ನು ಐಆರ್‌ಎ ಕೊಂದು ಗುಟ್ಟಾಗಿ ಹೂತಿತು. ಅವರ ಅಸ್ಥಿ ಸಿಕ್ಕಿದ್ದು 2015ರಲ್ಲಿ, ಗಡಿಯಾಚೆಯ ಮೀತ್ ಕೌಂಟಿಯ ಜೌಗು ನೆಲದಲ್ಲಿ, ಬೇರೊಬ್ಬನ ಶವಕ್ಕಾಗಿ ಅಗೆಯುತ್ತಿದ್ದಾಗ. 1970ರ ದಶಕದ ಈ ಅವಸರದ ಪ್ರಯೋಗಗಳಿಂದ ಸೇನೆ ಕಲಿತ ಪಾಠ, ಬಾತ್ಮೀದಾರರನ್ನು ಹೆಚ್ಚು ಶಿಸ್ತಿನಿಂದ, ಹೆಚ್ಚು ಕಾಲ ಇಟ್ಟುಕೊಳ್ಳಬೇಕು ಎಂಬುದು. 1980ರ ದಶಕದ ಆರಂಭದಲ್ಲಿ ಅದಕ್ಕೆಂದೇ ಫೋರ್ಸ್ ರಿಸರ್ಚ್ ಯೂನಿಟ್ ರೂಪುಗೊಂಡಿತು. ಹೆಸರಿನಲ್ಲಿ ಸಂಶೋಧನೆ ಇದ್ದರೂ ಅದು ಮಾಡುತ್ತಿದ್ದದ್ದು ಮನುಷ್ಯರನ್ನು ಹುಡುಕಿ, ಒಲಿಸಿ, ಶತ್ರುವಿನ ನಡುವೆ ಬದುಕಿಸಿಡುವ ಕೆಲಸ.

ಇಲ್ಲಿಯೇ ಆ ತರ್ಕ ಶುರುವಾಗುತ್ತದೆ. ಒಬ್ಬ ಬಾತ್ಮೀದಾರನ ಬೆಲೆ ಅವನು ಸಂಘಟನೆಯೊಳಗೆ ಎಷ್ಟು ಮೇಲಿದ್ದಾನೆ ಎಂಬುದರ ಮೇಲೆ ನಿಂತಿದೆ. ಕೊಲೆಯೇ ಕಸುಬಾದ ಸಂಘಟನೆಯಲ್ಲಿ ಮೇಲೇರುವುದು ಎಂದರೆ ಕೊಲೆಗಳಿಗೆ ಹತ್ತಿರವಾಗುವುದು. ಆದ್ದರಿಂದ ಅವನು ಎಷ್ಟು ಅಮೂಲ್ಯನೋ ಅಷ್ಟೇ ಅಪರಾಧಿ. ಅವನು ಕೊಟ್ಟ ಸುದ್ದಿಯನ್ನು ಬಳಸಿ ಒಂದು ಕೊಲೆಯನ್ನು ತಡೆದರೆ, ಸುದ್ದಿ ಸೋರಿದ್ದು ಎಲ್ಲಿಂದ ಎಂದು ಸಂಘಟನೆ ಹುಡುಕುತ್ತದೆ. ಎರಡು ಮೂರು ಸಲ ತಡೆದರೆ ಅವನ ಕತೆ ಮುಗಿಯಿತು. ಹಾಗಾಗಿ ಅವನನ್ನು ನಿರ್ವಹಿಸುವ ಅಧಿಕಾರಿ, ಆ ವೃತ್ತಿಯವರು ಹ್ಯಾಂಡ್ಲರ್ ಎನ್ನುವವನು, ಪ್ರತಿ ಸುದ್ದಿ ಬಂದಾಗಲೂ ತೂಗಬೇಕು: ಈ ಒಂದು ಜೀವವೋ, ಮುಂದೆ ಉಳಿಯಬಹುದಾದ ಹಲವು ಜೀವಗಳೋ? ಮೊದಲನೆಯದು ಹೆಸರಿರುವ ಮನುಷ್ಯ. ಎರಡನೆಯದು ಊಹೆ. ಆದರೆ ಹ್ಯಾಂಡ್ಲರ್‌ಗೆ ಬಡ್ತಿ, ಮನ್ನಣೆ, ಘಟಕದ ಗೌರವ ಎಲ್ಲವೂ ಬಾತ್ಮೀದಾರ ಉಳಿಯುವುದರ ಮೇಲೆ ನಿಂತಿವೆ. ಸಾಯಲಿರುವವನು ಅವನ ಕಡತದಲ್ಲಿ ಒಂದು ಸಾಲು. ತೂಕ ಯಾವ ಕಡೆ ವಾಲುತ್ತದೆ ಎಂದು ಹೇಳಲು ಮನುಷ್ಯಸ್ವಭಾವದ ಬಗ್ಗೆ ವಿಶೇಷ ನಿರಾಶೆಯೇನೂ ಬೇಕಿಲ್ಲ.

ನೆಲ್ಸನ್ ಪ್ರಕರಣ ಈ ವಾಲುವಿಕೆಯನ್ನು ದಾಖಲೆಸಹಿತ ತೋರಿಸುತ್ತದೆ. ಅವನು ಹಿಂದೆ ಸೈನಿಕನಾಗಿದ್ದವನು. 1970ರ ದಶಕದಲ್ಲಿ ದೃಷ್ಟಿ ಮಂದವಾಗಿದ್ದ ಕ್ಯಾಥೊಲಿಕ್ ವ್ಯಕ್ತಿಯೊಬ್ಬನನ್ನು ಅಪಹರಿಸಿ ಹಿಂಸಿಸಿದ್ದಕ್ಕೆ ಶಿಕ್ಷೆಗೊಳಗಾಗಿದ್ದವನು. 1980ರ ದಶಕದ ನಡುವೆ ಯುಡಿಎ ಬಿಟ್ಟು ಕುಟುಂಬದೊಂದಿಗೆ ಜರ್ಮನಿಗೆ ಹೋಗಿ ಕೂಲಿಯ ಕೆಲಸ ಹಿಡಿದಿದ್ದ. 1987ರಲ್ಲಿ ಸೇನಾ ಘಟಕವೇ ಅಲ್ಲಿಂದ ಅವನನ್ನು ಹಣ ಕೊಟ್ಟು ಕರೆತಂದು ಯುಡಿಎಯ ಗುಪ್ತಚರ ಮುಖ್ಯಸ್ಥನ ಸ್ಥಾನಕ್ಕೆ ಮರಳಿಸಿತು. ಅದರಾಚೆಗೆ ಆದದ್ದನ್ನು ವಕೀಲ ಡೆಸ್ಮಂಡ್ ಡಿ ಸಿಲ್ವಾ ಅವರ 2012ರ ಪರಿಶೀಲನಾ ವರದಿ ವಿವರವಾಗಿ ಹೇಳುತ್ತದೆ: ಹ್ಯಾಂಡ್ಲರ್‌ಗಳು ಕೆಲವೊಮ್ಮೆ ಅವನಿಗೇ ಮಾಹಿತಿ ಕೊಟ್ಟರು, ಆ ಮಾಹಿತಿ ಕೊಲೆಯ ಗುರಿ ಹುಡುಕಲು ಬಳಕೆಯಾಯಿತು. 1985ರಷ್ಟು ಹಿಂದೆಯೇ ಯುಡಿಎ ಕೈಯಲ್ಲಿದ್ದ ಗುಪ್ತ ಮಾಹಿತಿಯಲ್ಲಿ ಶೇ 85ರಷ್ಟು ಭದ್ರತಾ ಪಡೆಗಳಿಂದಲೇ ಸೋರಿದ್ದೆಂದು ಎಂಐ5 ಅಂದಾಜು ಮಾಡಿತ್ತು. ಆ ಸೋರಿಕೆಗೆ ಈಗ ಅಚ್ಚುಕಟ್ಟಾದ ಒಬ್ಬ ಗುಮಾಸ್ತನೂ ಸಿಕ್ಕಂತಾಯಿತು. 1988ರ ಮೇ ತಿಂಗಳಲ್ಲಿ ಬೆಲ್‌ಫಾಸ್ಟ್‌ನಲ್ಲಿ ಯುಡಿಎಯವರು ಒಬ್ಬನನ್ನು ಮನೆಯಲ್ಲೇ ಗುಂಡಿಟ್ಟು ಕೊಂದರು. ಅವರು ಹುಡುಕಿ ಬಂದದ್ದು ಅವನ ಸಹೋದರನನ್ನು. ಸರ್ಕಾರದ ಹಣದಲ್ಲಿ ನಡೆದ ಗುಪ್ತಚರ ಕೆಲಸ ಆ ಮನೆಯ ಬಾಗಿಲಿಗೆ ತಂದದ್ದು ಇದನ್ನು.

ನೆಲ್ಸನ್ ಬಯಲಾದದ್ದು ಸೇನೆಯ ಪ್ರಾಮಾಣಿಕತೆಯಿಂದಲ್ಲ. 1989ರ ಆಗಸ್ಟ್‌ನಲ್ಲಿ ಒಂದು ಕೊಲೆಯನ್ನು ಸಮರ್ಥಿಸಿಕೊಳ್ಳಲು ಹೋದ ಯುಡಿಎ, ಭದ್ರತಾ ಪಡೆಗಳ ಗುಪ್ತ ದಾಖಲೆಗಳನ್ನೇ ಪತ್ರಕರ್ತರಿಗೆ ತೋರಿಸಿತು. ಅದರ ಗದ್ದಲದಿಂದ ಸ್ಟೀವನ್ಸ್ ತನಿಖೆ ಆರಂಭವಾಯಿತು. ಉತ್ತರ ಐರ್ಲೆಂಡಿನಲ್ಲಿ ತಾನು ಬಾತ್ಮೀದಾರರನ್ನು ಇಟ್ಟುಕೊಂಡೇ ಇಲ್ಲ ಎಂದು ಸೇನೆ ತನಿಖಾಧಿಕಾರಿಗೇ ಹೇಳಿತು. ಸೋರಿದ ಕಾಗದಗಳ ಮೇಲೆ ನೆಲ್ಸನ್ ಬೆರಳಚ್ಚು ಸಿಕ್ಕಿ, 1990ರ ಜನವರಿಯಲ್ಲಿ ಅವನನ್ನು ಬಂಧಿಸಲು ಸಿದ್ಧತೆಯಾದ ಹಿಂದಿನ ರಾತ್ರಿ ತನಿಖಾ ತಂಡದ ಕಚೇರಿಗೆ ಬೆಂಕಿ ಬಿತ್ತು. ಅದು ಬೇಕೆಂದೇ ಹಚ್ಚಿದ ಬೆಂಕಿ ಇರಬೇಕು, ಅದರ ತನಿಖೆ ಸರಿಯಾಗಿ ನಡೆಯಲೇ ಇಲ್ಲ ಎಂದು 2003ರಲ್ಲಿ ಸ್ಟೀವನ್ಸ್ ಬರೆದರು.

ಈ ಎಲ್ಲದರ ನಡುವೆ ಇರುವುದು 1989ರ ಫೆಬ್ರುವರಿ 12ರ ಭಾನುವಾರ. ಐಆರ್‌ಎ ಆರೋಪಿಗಳೂ ಸೇರಿದಂತೆ ಹಲವರ ವಕೀಲರಾಗಿದ್ದ ಪ್ಯಾಟ್ ಫಿನುಕೇನ್ ಅವರನ್ನು, ಹೆಂಡತಿ ಮತ್ತು ಮೂವರು ಮಕ್ಕಳ ಜೊತೆ ಊಟಕ್ಕೆ ಕುಳಿತಿದ್ದಾಗ, ಯುಡಿಎ ಬಂದೂಕುಧಾರಿಗಳು ಮನೆಗೆ ನುಗ್ಗಿ 14 ಗುಂಡು ಹೊಡೆದು ಕೊಂದರು. ಫಿನುಕೇನ್ ಅವರ ಚಿತ್ರವನ್ನು ಯುಡಿಎಗೆ ಒದಗಿಸಿದವನು ನೆಲ್ಸನ್. ಬಂದೂಕು ಒದಗಿಸಿದ ವಿಲಿಯಂ ಸ್ಟೋಬಿ ಪೊಲೀಸ್ ಸ್ಪೆಷಲ್ ಬ್ರಾಂಚ್‌ನ ಬಾತ್ಮೀದಾರ. ಶಿಕ್ಷೆಯಾದ ಒಬ್ಬನೇ ಕೊಲೆಗಾರ ಕೆನ್ ಬ್ಯಾರೆಟ್ ಕೂಡ ಮುಂದೆ ಪೊಲೀಸರ ಬಾತ್ಮೀದಾರನಾದ. ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು: ಈ ಕೊಲೆಯ ಹಿಂದೆ ಮೇಲಿನಿಂದ ಕೆಳಗಿನವರೆಗೆ ಹೆಣೆದ ಸರ್ಕಾರಿ ಸಂಚೊಂದು ಇತ್ತೆಂದು ಡಿ ಸಿಲ್ವಾ ಹೇಳಲಿಲ್ಲ, ಸೇನಾ ಘಟಕಕ್ಕೆ ಈ ನಿರ್ದಿಷ್ಟ ಕೊಲೆಯ ಸುಳಿವು ಮೊದಲೇ ಇತ್ತೆಂದೂ ಅವರು ಹೇಳಲಿಲ್ಲ. ಅವರು ಕಂಡದ್ದು, ಸರ್ಕಾರಿ ನೌಕರರು ಮತ್ತು ಸರ್ಕಾರದ ಬಾತ್ಮೀದಾರರು ಬೇರೆ ಬೇರೆ ಕಡೆ ನಿಂತು ಮಾಡಿದ ಕೆಲಸಗಳಿಲ್ಲದೆ ಆ ಕೊಲೆ ನಡೆಯುವುದು ಕಷ್ಟವಿತ್ತು ಎಂಬುದನ್ನು. ಫಿನುಕೇನ್ ಜೀವಕ್ಕೆ ಅಪಾಯವಿದೆ ಎಂದು 1981ರಲ್ಲಿ, 1985ರಲ್ಲಿ, ಮತ್ತೆ 1988ರ ಕೊನೆಯಲ್ಲಿ ಮಾಹಿತಿ ಬಂದಿದ್ದರೂ ಅವರಿಗೆ ಒಂದು ಎಚ್ಚರಿಕೆಯ ಮಾತು ಹೋಗಲಿಲ್ಲ. ನನಗೆ ಇದು ಸಂಚಿಗಿಂತ ಹೆಚ್ಚು ಕಳವಳ ಹುಟ್ಟಿಸುತ್ತದೆ. ಸಂಚನ್ನು ಪತ್ತೆ ಮಾಡಿ ಮುರಿಯಬಹುದು. ಯಾರೂ ಆಜ್ಞೆ ಕೊಡದೆಯೇ ಒಬ್ಬ ವಕೀಲ ಸಾಯುವ ವ್ಯವಸ್ಥೆಯಲ್ಲಿ ಯಾರನ್ನು ಹಿಡಿಯುವುದು?

ಯುಡಿಎಯೊಳಗಿನ ಕತೆ ಇಷ್ಟಾದರೆ, ಐಆರ್‌ಎಯೊಳಗೆ ಇನ್ನೊಂದು ನಡೆಯುತ್ತಿತ್ತು. ‘ಸ್ಟೇಕ್‌ನೈಫ್’ ಎಂಬ ಗುಪ್ತನಾಮದ ಬಾತ್ಮೀದಾರ 1970ರ ದಶಕದ ಕೊನೆಯಿಂದ ಸೇನೆಗೆ ಕೆಲಸ ಮಾಡಿದವನು; ಸೇನೆಯ ಮಟ್ಟಿಗೆ ಅವನು ಕಿರೀಟದ ರತ್ನ. ಅವನಿದ್ದದ್ದು ಐಆರ್‌ಎಯ ಆಂತರಿಕ ಭದ್ರತಾ ಘಟಕದಲ್ಲಿ. ಆ ಘಟಕದ ಕೆಲಸ ಸಂಘಟನೆಯೊಳಗಿನ ದ್ರೋಹಿಗಳನ್ನು, ಅಂದರೆ ಬಾತ್ಮೀದಾರರನ್ನು, ಪತ್ತೆಹಚ್ಚುವುದು. ಅನುಮಾನಕ್ಕೆ ಗುರಿಯಾದವನನ್ನು ಹೊತ್ತೊಯ್ದು, ದಿನಗಟ್ಟಲೆ ಕೂಡಿಹಾಕಿ, ಹಿಂಸಿಸಿ ತಪ್ಪೊಪ್ಪಿಗೆ ಪಡೆದು, ಅದನ್ನು ಟೇಪಿನಲ್ಲಿ ದಾಖಲಿಸಿ, ತಲೆಗೆ ಗುಂಡು ಹೊಡೆದು ಗಡಿಯ ರಸ್ತೆ ಬದಿಯಲ್ಲಿ ಎಸೆಯುತ್ತಿದ್ದರು. ಆ ಮನೆಯವರಿಗೆ ಸಾವಿನ ಜೊತೆ ‘ದ್ರೋಹಿಯ ಮನೆ’ ಎಂಬ ಕಳಂಕವೂ ಅಂಟಿಕೊಳ್ಳುತ್ತಿತ್ತು. ಮಕ್ಕಳು ಅದೇ ಬೀದಿಯಲ್ಲಿ ತಲೆತಗ್ಗಿಸಿ ಬೆಳೆಯಬೇಕಿತ್ತು. ಹೀಗೆ ಸತ್ತವರಲ್ಲಿ ಕೆಲವರು ನಿಜಕ್ಕೂ ಸೇನೆಗೋ ಪೊಲೀಸರಿಗೋ ಸುದ್ದಿ ಕೊಟ್ಟವರು. ಕೆಲವರು ಏನೂ ಅಲ್ಲದವರು. ಅಂದರೆ ಸರ್ಕಾರದ ಒಬ್ಬ ಬಾತ್ಮೀದಾರ ಸರ್ಕಾರದ ಇತರ ಬಾತ್ಮೀದಾರರನ್ನು ವಿಚಾರಣೆ ಮಾಡಿ ಕೊಲ್ಲುವ ಪಡೆಯ ಮುಂಚೂಣಿಯಲ್ಲಿದ್ದ, ಅದು ಗೊತ್ತಿದ್ದೂ ಅವನನ್ನು ಅಲ್ಲಿಯೇ ಉಳಿಸಿಕೊಳ್ಳಲಾಯಿತು. ಬಾತ್ಮೀದಾರನ ರಕ್ಷಣೆ ಪವಿತ್ರ ಎಂಬ ತತ್ವವನ್ನು ಸೇನೆ ಇಂದಿಗೂ ಮುಂದಿಡುತ್ತದೆ. ಆ ತತ್ವ ಎಲ್ಲ ಬಾತ್ಮೀದಾರರಿಗೂ ಒಂದೇ ಆಗಿರಲಿಲ್ಲ. ಬೆಲೆ ಕಡಿಮೆಯವರು ಬೆಲೆ ಹೆಚ್ಚಿನವನಿಗಾಗಿ ಖರ್ಚಾದರು.

ಸೇನಾ ಘಟಕದ್ದೇ ಇನ್ನೊಬ್ಬ ಬಾತ್ಮೀದಾರ ಫ್ರಾಂಕ್ ಹೆಗಾರ್ಟಿಯ ಅಂತ್ಯ ಇಂಥ ಬದುಕಿನ ಬೆಲೆಯನ್ನು ತಿಳಿಸುತ್ತದೆ. ಡೆರ್ರಿಯ ಹೆಗಾರ್ಟಿ ಕೊಟ್ಟ ಸುದ್ದಿಯಿಂದ 1986ರ ಜನವರಿಯಲ್ಲಿ ಗಡಿಯಾಚೆ ಐಆರ್‌ಎಯ ದೊಡ್ಡ ಶಸ್ತ್ರಾಸ್ತ್ರ ಸಂಗ್ರಹ ಸಿಕ್ಕಿತು. ಕೂಡಲೇ ಅವನನ್ನು ಇಂಗ್ಲೆಂಡಿಗೆ ಸಾಗಿಸಿದರು. ಅಪರಿಚಿತ ಊರಿನಲ್ಲಿ ಮನೆಯ ನೆನಪು ತಡೆಯಲಾರದೆ, ಕ್ಷಮೆ ಸಿಗುವುದೆಂದು ನಂಬಿ ಅವನು ಊರಿಗೆ ಮರಳಿದ. ಮೇ ತಿಂಗಳಲ್ಲಿ ಗಡಿಯ ರಸ್ತೆ ಬದಿಯಲ್ಲಿ ಅವನ ಶವ ಸಿಕ್ಕಿತು. ಗುಪ್ತಚರ ಇತಿಹಾಸಗಳು ಹಿಡಿದುಕೊಟ್ಟ ಬಂದೂಕುಗಳ ಲೆಕ್ಕವನ್ನು ಚೆನ್ನಾಗಿ ಬರೆಯುತ್ತವೆ. ಹೀಗೆ ಮುರಿದುಹೋದವರ ಲೆಕ್ಕ ಸಿಗುವುದು ಮನೆಯವರ ಬಳಿ ಮಾತ್ರ.

2003ರಲ್ಲಿ ಪತ್ರಿಕೆಗಳು ಸ್ಟೇಕ್‌ನೈಫ್ ಎಂದು ಬೆಲ್‌ಫಾಸ್ಟ್‌ನ ಫ್ರೆಡ್ಡಿ ಸ್ಕಾಪಟಿಚಿಯ ಹೆಸರನ್ನು ಪ್ರಕಟಿಸಿದವು. ಅವನು ಅದನ್ನು ಅಲ್ಲಗಳೆದ, ಆಮೇಲೆ ಇಂಗ್ಲೆಂಡಿನಲ್ಲಿ ಮರೆಯಾಗಿ ಬದುಕಿ 2023ರಲ್ಲಿ ತೀರಿಕೊಂಡ. 2016ರಲ್ಲಿ ಪೊಲೀಸ್ ಅಧಿಕಾರಿ ಜಾನ್ ಬೌಚರ್ ನೇತೃತ್ವದಲ್ಲಿ ಆರಂಭವಾದ ‘ಆಪರೇಷನ್ ಕೆನೋವಾ’ ಎಂಬ ತನಿಖೆ ಆ ಆಂತರಿಕ ಘಟಕಕ್ಕೆ ಸಂಬಂಧಿಸಿದ 101 ಕೊಲೆ, ಅಪಹರಣಗಳನ್ನು ಪರಿಶೀಲಿಸಿತು. 2024ರ ಮಾರ್ಚ್‌ನಲ್ಲಿ ಬಂದ ಅದರ ಮಧ್ಯಂತರ ವರದಿಯಲ್ಲಿ ಈ ಲೇಖನದ ವಾದಕ್ಕೆ ಬಹಳ ಮುಖ್ಯವಾದ ಲೆಕ್ಕವಿದೆ. ಸ್ಟೇಕ್‌ನೈಫ್ ನೂರಾರು ಜೀವ ಉಳಿಸಿದ ಎಂಬ ಮಾತು ವರ್ಷಗಟ್ಟಲೆ ನಿವೃತ್ತ ಅಧಿಕಾರಿಗಳ ಬಾಯಲ್ಲಿತ್ತು. ಗುಪ್ತ ಕಡತಗಳನ್ನೆಲ್ಲ ಓದಿದ ಬೌಚರ್ ತಂಡದ ಪ್ರಕಾರ ಉಳಿದ ಜೀವಗಳ ಸಂಖ್ಯೆ ಒಂದಂಕಿಯ ಕೊನೆಯಿಂದ ಎರಡಂಕಿಯ ಆರಂಭದವರೆಗೆ ಎಲ್ಲೋ ಇದೆ, ಮತ್ತು ಅವನಿಂದ ಹೋದ ಜೀವಗಳು ಉಳಿದವಕ್ಕಿಂತ ಹೆಚ್ಚು. ಯಾರನ್ನೋ ಹೊತ್ತೊಯ್ದಿದ್ದಾರೆ ಎಂದು ಮೊದಲೇ ಗೊತ್ತಾದರೂ, ಬಾತ್ಮೀದಾರನ ಗುಟ್ಟು ಒಡೆಯದಿರಲೆಂದು ತಡೆಯಬಹುದಾದ ಕೊಲೆಗಳನ್ನು ತಡೆಯದೆ ಬಿಟ್ಟ ಪ್ರಕರಣಗಳನ್ನೂ ಆ ತಂಡ ಕಂಡಿತು. ಉಳಿದ ಜೀವಗಳ ಲೆಕ್ಕ ಉಬ್ಬುವ ಬಗೆಯೂ ಕಡತಗಳಿಂದ ತಿಳಿಯುತ್ತದೆ: ಬೆದರಿಕೆಯ ಪ್ರತಿ ಸುದ್ದಿಯೂ ಒಂದು ಉಳಿದ ಜೀವ ಎಂದು ದಾಖಲಾಗುತ್ತದೆ, ಆ ಸುದ್ದಿಯ ಮೇಲೆ ಯಾರಾದರೂ ಏನಾದರೂ ಮಾಡಿದರೇ ಎಂದು ಯಾರೂ ಕೇಳುವುದಿಲ್ಲ. ನೆಲ್ಸನ್ ವಿಷಯದಲ್ಲೂ 217 ಎಂಬ ಸಂಖ್ಯೆ ಹುಟ್ಟಿದ್ದು ಹೀಗೆಯೇ.

ಈ ವಾದಕ್ಕೆ ಎದುರಾಗಿ ನಿಲ್ಲುವ ಮಾತುಗಳು ಹಗುರವಾದವಲ್ಲ. ಮೊದಲನೆಯದು, ಕೊಂದವರು ಐಆರ್‌ಎ, ಯುಡಿಎಯವರು. ಅವರ ರಕ್ತವನ್ನು ಸೇನೆಯ ಕೈಗೆ ಯಾಕೆ ಬಳಿಯಬೇಕು ಎಂಬುದು. ಕೊಲೆಯ ಮೊದಲ ಹೊಣೆ ಕೊಂದವರದೇ, ಅದರಲ್ಲಿ ಎರಡು ಮಾತಿಲ್ಲ. ಕೆನೋವಾ ವರದಿಯೂ ಐಆರ್‌ಎ ನಾಯಕತ್ವ ಕ್ಷಮೆ ಕೇಳಬೇಕೆಂದು ಹೇಳಿದೆ. ಆದರೆ ಪ್ರಜೆಯ ಜೀವ ಕಾಯುವ ಹೊಣೆಯನ್ನು ಐಆರ್‌ಎ ಹೊತ್ತಿರಲಿಲ್ಲ, ಸರ್ಕಾರ ಹೊತ್ತಿತ್ತು. ಭಯೋತ್ಪಾದಕರಿಗಿಂತ ತಾನು ಬೇರೆ ಎಂದು ಹೇಳಿಕೊಳ್ಳುವ ಸರ್ಕಾರವನ್ನು ಭಯೋತ್ಪಾದಕರ ಅಳತೆಗೋಲಿನಲ್ಲಿ ಅಳೆದು ಪಾಸು ಮಾಡುವುದು ಆ ಸರ್ಕಾರಕ್ಕೇ ಅವಮಾನ. ಎರಡನೆಯ ಮಾತು ಇದಕ್ಕಿಂತ ಗಟ್ಟಿ: ಬಾತ್ಮೀದಾರರಿಂದ ಐಆರ್‌ಎ ಒಳಗಿಂದೊಳಗೇ ಕುಸಿಯಿತು, ಆದ್ದರಿಂದಲೇ ಅದು ಸಂಧಾನಕ್ಕೆ ಬಂತು, ಶಾಂತಿಗೆ ತೆತ್ತ ಬೆಲೆ ಇದು ಎಂಬುದು. ನಂಬಲು ಆಸೆಯಾಗುವ ಮಾತಿದು. ಆದರೆ ಪುರಾವೆ ಅದಕ್ಕೆ ಪೂರ್ತಿ ಜೊತೆ ಕೊಡುವುದಿಲ್ಲ. ಇತಿಹಾಸಕಾರ ಥಾಮಸ್ ಲೇಹಿ 2020ರ ತಮ್ಮ ಅಧ್ಯಯನದಲ್ಲಿ ಪ್ರದೇಶವಾರು ನೋಡಿದಾಗ, ಬೆಲ್‌ಫಾಸ್ಟ್‌ನಂಥ ನಗರಗಳಲ್ಲಿ ಬಾತ್ಮೀದಾರರಿಂದ ಐಆರ್‌ಎಗೆ ಪೆಟ್ಟು ಬಿದ್ದರೂ, ದಕ್ಷಿಣ ಆರ್ಮಾದಂಥ ಗಡಿ ಹಳ್ಳಿಗಳ ಘಟಕಗಳೊಳಗೆ ಗುಪ್ತಚರರು ಹೆಚ್ಚು ನುಸುಳಲಾಗಲಿಲ್ಲ, 1990ರ ದಶಕದಲ್ಲೂ ಐಆರ್‌ಎಗೆ ದಾಳಿ ಮಾಡುವ ಶಕ್ತಿ ಉಳಿದಿತ್ತು ಎಂದು ತೋರಿಸಿದ್ದಾರೆ. ಶಾಂತಿ ಬಂದದ್ದರಲ್ಲಿ ರಾಜಕೀಯದ ಪಾಲು ದೊಡ್ಡದು. ಬಾತ್ಮೀದಾರರು ಏನೂ ಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ಐರ್ಲೆಂಡ್ ಒಂದಾಗಬೇಕೆನ್ನುವ ಬಣದ ರಾಜಕೀಯ ನಾಯಕ ಜೆರ್ರಿ ಆಡಮ್ಸ್ ಕಾರಿಗೆ ಬಾಂಬ್ ಅಂಟಿಸುವ ಯುಡಿಎಯ 1987ರ ಯೋಜನೆ ನೆಲ್ಸನ್ ಕೊಟ್ಟ ಸುದ್ದಿಯಿಂದಲೇ ವಿಫಲವಾಯಿತು, ಆಡಮ್ಸ್ ಸತ್ತಿದ್ದರೆ ಮುಂದಿನ ಶಾಂತಿ ಮಾತುಕತೆಯ ಹಾದಿ ಬೇರೆಯೇ ಆಗುತ್ತಿತ್ತು. ಗಮನಿಸಬೇಕಾದದ್ದು, ಆ ಸುದ್ದಿಯನ್ನು ಬಳಸಿ ತಡೆದ ನಂತರವೂ ನೆಲ್ಸನ್ ಸಾಯಲಿಲ್ಲ. ತಡೆಯಲು ಮನಸ್ಸಿದ್ದಾಗ ದಾರಿ ಸಿಗುತ್ತಿತ್ತು.

ಮೂರನೆಯ ಆಕ್ಷೇಪ, ಇಂದಿನ ಕಣ್ಣಿನಿಂದ ಅಂದಿನ ಕತ್ತಲನ್ನು ಅಳೆಯುತ್ತಿದ್ದೀರಿ ಎಂಬುದು. ಇದಕ್ಕೆ ಉತ್ತರ ಆ ಕಾಲದ ಕಾಗದಪತ್ರಗಳಲ್ಲೇ ಇದೆ. ಆಗ ಬಾತ್ಮೀದಾರರ ಬಗ್ಗೆ ಇದ್ದ ನಿಯಮವೆಂದರೆ ಗೃಹ ಇಲಾಖೆಯ 1969ರ ಒಂದು ಸುತ್ತೋಲೆ. ಸಾಮಾನ್ಯ ಕಳ್ಳತನ, ದರೋಡೆ ಪ್ರಕರಣಗಳಿಗಾಗಿ ಬರೆದ ಅದು ಭಯೋತ್ಪಾದಕ ಸಂಘಟನೆಯೊಳಗಿನ ಬಾತ್ಮೀದಾರನಿಗೆ ಹೊಂದುವುದೇ ಇಲ್ಲ ಎಂದು ಪೊಲೀಸರಿಗೂ ಸೇನೆಗೂ ಎಂಐ5ಗೂ ಗೊತ್ತಿತ್ತು. ಹೊಸ ನಿಯಮ ಬರೆದುಕೊಡಿ ಎಂದು ಅವರೇ ಸರ್ಕಾರವನ್ನು ಮತ್ತೆ ಮತ್ತೆ ಕೇಳಿದರು. ಬಂದ ಸರ್ಕಾರಗಳೆಲ್ಲ ಅದನ್ನು ಮುಂದೂಡಿದವು. ಡಿ ಸಿಲ್ವಾ ವರದಿಯ ಅತ್ಯಂತ ಕಟುವಾದ ಮಾತು ಕೊಲೆಗಾರರ ಬಗ್ಗೆ ಇಲ್ಲ, ಈ ವಿಷಯದಲ್ಲಿ ಬೇಕೆಂದೇ ಕಣ್ಣುಮುಚ್ಚಿದ ಸರ್ಕಾರಗಳ ಬಗ್ಗೆ ಇದೆ. ಇತ್ತ 1980ರಲ್ಲಿ ಎಂಐ5 ಅಧಿಕಾರಿ ಪ್ಯಾಟ್ರಿಕ್ ವಾಕರ್ ಬರೆದ ಗುಪ್ತ ವರದಿ, ಯಾರನ್ನೇ ಬಂಧಿಸುವ ಮೊದಲು ಸ್ಪೆಷಲ್ ಬ್ರಾಂಚ್‌ನ ಒಪ್ಪಿಗೆ ಪಡೆಯಬೇಕೆಂಬ ಪದ್ಧತಿಗೆ ದಾರಿ ಮಾಡಿತ್ತು. ಕೊಲೆಗಾರನ ಹಿಂದೆ ಬಿದ್ದ ಸಾಮಾನ್ಯ ಪತ್ತೇದಾರನ ಕೈಯನ್ನು ಅದು ಕಟ್ಟಿಹಾಕಿತು. ಅಂದರೆ ಸುದ್ದಿಯನ್ನು ನ್ಯಾಯಕ್ಕಿಂತ ಮೇಲಿಡುವ ನಿಯಮವನ್ನು ಬರೆಯಲು ಆ ಕಾಲದವರಿಗೆ ಸಮಯವಿತ್ತು, ಬಾತ್ಮೀದಾರನ ಅಪರಾಧಕ್ಕೆ ಎಲ್ಲೆ ಹಾಕುವ ನಿಯಮವನ್ನು ಬರೆಯಲು ಇರಲಿಲ್ಲ. ಎಲ್ಲೆ ಇಲ್ಲದಿದ್ದರೆ ಮಂತ್ರಿಗೂ ಅನುಕೂಲ: ಏನಾದರೂ ಆದರೆ ತನಗೆ ತಿಳಿದಿರಲಿಲ್ಲ ಎನ್ನಬಹುದು.

ಎಲ್ಲೆ ಬರೆಯುವುದು ಸಾಧ್ಯವೇ ಎಂಬುದು ಕೊನೆಯ, ಅತಿ ಚತುರ ಆಕ್ಷೇಪ. ಬಾತ್ಮೀದಾರ ಕೊಲೆ ಮಾಡಬಾರದು, ಹಿಂಸಿಸಬಾರದು ಎಂದು ಕಾನೂನಿನಲ್ಲಿ ಅಚ್ಚುಹಾಕಿದರೆ, ಸಂಘಟನೆಗಳು ಅನುಮಾನ ಬಂದವನ ಕೈಗೆ ಬಂದೂಕು ಕೊಟ್ಟು ‘ಕೊಲ್ಲು ನೋಡೋಣ’ ಎನ್ನುತ್ತವೆ; ಕೊಲ್ಲದವನು ಸಿಕ್ಕಿಬೀಳುತ್ತಾನೆ ಎಂಬ ವಾದ. ಬ್ರಿಟನ್ನಿನ 2021ರ ಕಾಯ್ದೆ ಬಾತ್ಮೀದಾರರ ಅಪರಾಧಗಳಿಗೆ ಮೊದಲೇ ಅನುಮತಿ ಕೊಡುವ ಅಧಿಕಾರವನ್ನು ಮೊದಲ ಸಲ ಲಿಖಿತವಾಗಿ ಕೊಟ್ಟಿತು. ಕೊಲೆ, ಚಿತ್ರಹಿಂಸೆ, ಅತ್ಯಾಚಾರ ಇವುಗಳಿಗೆ ಅನುಮತಿ ಇಲ್ಲ ಎಂದು ಅದರಲ್ಲಿ ಬರೆಯಿರಿ ಎಂದರೆ, ಸರ್ಕಾರ ಒಪ್ಪದಿದ್ದದ್ದು ಈ ವಾದದಿಂದಲೇ. ಆದರೆ ಅದೇ ಸರ್ಕಾರ ಅದೇ ಉಸಿರಿನಲ್ಲಿ, ಮಾನವ ಹಕ್ಕುಗಳ ಕಾಯ್ದೆ ಇದೆಯಲ್ಲ, ಅಂಥ ಅಪರಾಧಗಳಿಗೆ ಅನುಮತಿ ಕೊಡಲು ಅದು ಬಿಡುವುದಿಲ್ಲ ಎಂದೂ ಹೇಳಿತು. ಎರಡೂ ಏಕಕಾಲಕ್ಕೆ ನಿಜವಾಗಲಾರವು. ಎಲ್ಲೆ ಆಗಲೇ ಇದ್ದರೆ ಅದನ್ನು ಶತ್ರುವೂ ಓದಿರುತ್ತಾನೆ, ಬರೆದರೆ ಹೊಸ ಅಪಾಯವೇನೂ ಇಲ್ಲ; ಬರೆದರೆ ಅಪಾಯ ಎನ್ನುವುದಾದರೆ ಎಲ್ಲೆ ಇಲ್ಲ ಎಂದೇ ಅರ್ಥ. ಕೆನಡಾ ತನ್ನ ಗುಪ್ತಚರ ಸಂಸ್ಥೆಯ ಕಾನೂನಿನಲ್ಲಿ ಸಾವು, ದೈಹಿಕ ಹಾನಿ, ಲೈಂಗಿಕ ದೌರ್ಜನ್ಯ ಇವೆಲ್ಲ ನಿಷಿದ್ಧ ಎಂದು ಬರೆದಿಟ್ಟಿದೆ. ಸಂಘಟನೆಗಳು ಬಾತ್ಮೀದಾರರನ್ನು ಪರೀಕ್ಷೆಗೆ ಒಡ್ಡುತ್ತವೆ ಎಂಬುದು ಸುಳ್ಳಲ್ಲ; ಯಾವ ಕಾನೂನೂ ಇಲ್ಲದ 1980ರ ದಶಕದಲ್ಲೂ ಒಡ್ಡುತ್ತಿದ್ದವು. ಆಗ ಸರ್ಕಾರದ ಮುಂದಿದ್ದ ಆಯ್ಕೆ ಇಂದೂ ಅದೇ: ಆ ಪರೀಕ್ಷೆ ಹತ್ತಿರ ಬರುತ್ತಿದ್ದಂತೆ ತನ್ನವನನ್ನು ಹೊರಗೆಳೆದು, ಹೊಸ ಹೆಸರು ಕೊಟ್ಟು, ದೂರದ ಊರಿನಲ್ಲಿ ಬದುಕಿಸುವುದು, ಇಲ್ಲವೇ ಕೊಲ್ಲಲು ಬಿಡುವುದು. ಮೊದಲನೆಯದು ದುಬಾರಿ, ಒಂದು ಸುದ್ದಿಯ ಮೂಲವನ್ನು ಕಳೆದುಕೊಳ್ಳುತ್ತೇವೆ. ಆ ನಷ್ಟವನ್ನು ಒಪ್ಪಿಕೊಳ್ಳುವುದೇ ಕಾನೂನಿನಿಂದ ನಡೆಯುವ ಸೇನೆಯ ಲಕ್ಷಣ ಎಂದು ನಾನು ನಂಬುತ್ತೇನೆ.

ಲೆಕ್ಕದ ಪುಸ್ತಕಕ್ಕೆ ಹಾಕಿದ ಬೀಗಕ್ಕೂ ಒಂದು ಹೆಸರಿದೆ: ದೃಢಪಡಿಸುವುದೂ ಇಲ್ಲ, ನಿರಾಕರಿಸುವುದೂ ಇಲ್ಲ ಎಂಬ ಬ್ರಿಟಿಷ್ ಸರ್ಕಾರದ ನೀತಿ. ಒಬ್ಬ ಬಾತ್ಮೀದಾರನ ಹೆಸರು ಒಪ್ಪಿದರೆ ನಾಳೆ ಸುದ್ದಿ ಕೊಡಲು ಯಾರೂ ಮುಂದೆ ಬರುವುದಿಲ್ಲ ಎಂಬ ಅದರ ಕಾಳಜಿ ಸಾಚಾ. ಭಾರತದಲ್ಲೂ 1872ರ ಸಾಕ್ಷ್ಯ ಕಾಯ್ದೆಯ 125ನೇ ಕಲಂ, ಸುದ್ದಿ ಎಲ್ಲಿಂದ ಬಂತೆಂದು ಹೇಳಲು ಪೊಲೀಸರನ್ನು ಬಲವಂತಪಡಿಸುವಂತಿಲ್ಲ ಎನ್ನುತ್ತಿತ್ತು, ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಆ ರಕ್ಷಣೆ ಉಳಿದಿದೆ. ಬದುಕಿರುವ ಮೂಲವನ್ನು ಕಾಯುವುದು ಬೇರೆ, ಸತ್ತ ಕೊಲೆಗಾರನನ್ನು ಅವನ ಬಲಿಯಾದವರ ಮಕ್ಕಳಿಂದ ಕಾಯುವುದು ಬೇರೆ. ಜಗತ್ತಿಗೆಲ್ಲ ಗೊತ್ತಿರುವ ಸ್ಟೇಕ್‌ನೈಫ್‌ನ ಹೆಸರನ್ನು ಅವನು ಸತ್ತ ನಂತರವೂ ಸರ್ಕಾರ ಒಪ್ಪಲಿಲ್ಲ. ಸ್ಕಾಪಟಿಚಿಯ ಉಯಿಲನ್ನು 70 ವರ್ಷ ಯಾರೂ ತೆರೆಯದಂತೆ 2025ರಲ್ಲಿ ಲಂಡನ್ನಿನ ನ್ಯಾಯಾಲಯ ಮುದ್ರೆ ಹಾಕಿತು. ಕೆನೋವಾ ಕಳಿಸಿದ ಕಡತಗಳ ಮೇಲೆ ಸ್ಟೇಕ್‌ನೈಫ್ ವಿಷಯದಲ್ಲಿ ಒಬ್ಬ ಹ್ಯಾಂಡ್ಲರ್ ಮೇಲಾಗಲಿ, ಒಬ್ಬ ಐಆರ್‌ಎ ಸದಸ್ಯನ ಮೇಲಾಗಲಿ ಮೊಕದ್ದಮೆ ನಡೆಯಲಿಲ್ಲ. ಸಾಕ್ಷ್ಯ ಸಾಲದು ಎಂದು ಪ್ರಾಸಿಕ್ಯೂಷನ್ ಕೈಬಿಟ್ಟಿತು. ಗುಟ್ಟು ನಾಳಿನ ಬಾತ್ಮೀದಾರನನ್ನು ರಕ್ಷಿಸುತ್ತದೆ ಎನ್ನುವವರು, ಆಂತರಿಕ ಭದ್ರತಾ ಘಟಕದ ಕೈಗೆ ಸಿಕ್ಕು ಸತ್ತ ನಿನ್ನೆಯ ಬಾತ್ಮೀದಾರರನ್ನು ಅದು ರಕ್ಷಿಸಿತೇ ಎಂದು ಉತ್ತರಿಸಬೇಕು. ಬಾತ್ಮೀದಾರನಾಗಲು ಯೋಚಿಸುತ್ತಿರುವ ಯಾವ ತರುಣನಿಗೂ ಹೆಗಾರ್ಟಿಯಂಥವರ ಗತಿಗಿಂತ ಹೆಚ್ಚು ಎದೆಗುಂದಿಸುವ ಸಂಗತಿ ಇನ್ನೊಂದಿರಲಾರದು.

ಫಿನುಕೇನ್ ಕೊಲೆಯ ಸಾರ್ವಜನಿಕ ವಿಚಾರಣೆಯನ್ನು ಬ್ರಿಟಿಷ್ ಸರ್ಕಾರ ಕೊನೆಗೂ 2024ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು. ಕೆನಡಾದ ನ್ಯಾಯಮೂರ್ತಿ ಪೀಟರ್ ಕೋರಿ ಅದಕ್ಕೆ ಶಿಫಾರಸು ಮಾಡಿ ಎರಡು ದಶಕ ಕಳೆದಿತ್ತು. ಈವರೆಗಿನ ತನಿಖೆಗಳು ಸಾಲವು ಎಂದು 2019ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟೇ ಹೇಳಿತ್ತು. ನೆಲ್ಸನ್ 2003ರಲ್ಲಿ ಸತ್ತ. ಸ್ಟೋಬಿಯನ್ನು ಅವನ ಮೊಕದ್ದಮೆ ಬಿದ್ದುಹೋದ ಮುಂದಿನ ತಿಂಗಳೇ, 2001ರ ಡಿಸೆಂಬರ್‌ನಲ್ಲಿ, ಗುಂಡಿಟ್ಟು ಕೊಂದರು. ಗುಂಡು ಹಾರಿಸಿದವರ, ಬಂದೂಕು ತಂದವರ ಕತೆ ಬಹುಮಟ್ಟಿಗೆ ಈಗಾಗಲೇ ದಾಖಲಾಗಿದೆ. ಗಂಡನ ಹತ್ಯೆಯ ದಿನ ತಾವೂ ಗಾಯಗೊಂಡು, ಮೂರೂವರೆ ದಶಕ ಈ ವಿಚಾರಣೆಗಾಗಿ ಹೋರಾಡಿದ ಜೆರಾಲ್ಡಿನ್ ಫಿನುಕೇನ್ ಅವರಿಗೆ ಆ ಹೆಸರುಗಳು ಬಾಯಿಪಾಠವಾಗಿವೆ. ಅವರಿಗೂ ನಮಗೂ ಇನ್ನೂ ಪೂರ್ತಿಯಾಗಿ ಸಿಗದಿರುವುದು ಇನ್ನೊಂದು ಬಗೆಯ ಕಾಗದ: ಬಾತ್ಮೀದಾರರಿಗೆ ಎಲ್ಲೆ ಬರೆದುಕೊಡಿ ಎಂದು 1980ರ ದಶಕದಲ್ಲಿ ಬೆಲ್‌ಫಾಸ್ಟ್‌ನಿಂದ ಹೋದ ಕೋರಿಕೆಗಳನ್ನು ಲಂಡನ್ನಿನಲ್ಲಿ ಯಾವ ಮಂತ್ರಿ ಓದಿದರು, ಅಂಚಿನಲ್ಲಿ ಏನು ಬರೆದು ಮರಳಿಸಿದರು, ಮತ್ತು ಹಾಗೆ ಬರೆದವರಿಗೆ ಆ ಹೊತ್ತಿಗೆ ಎಷ್ಟು ತಿಳಿದಿತ್ತು. ವಿಚಾರಣೆ ಅವರನ್ನು ಹೆಸರು ಹಿಡಿದು ಕರೆಸಿ ಬಹಿರಂಗವಾಗಿ ಪ್ರಶ್ನಿಸಬೇಕು. ಅವರಲ್ಲಿ ಬದುಕಿರುವವರಿಗೂ ಈಗ ವಯಸ್ಸಾಗಿದೆ.